ನಕಲು ಕೋಡಿನ ಗಂಟು ಬಿಡಿಸಿದ ಬಗೆ

ಕಾಸರಗೋಡಿನ ಉತ್ತರ ಭಾಗದಲ್ಲಿ ಅಂಗಡಿಯ ಬಿಲ್ಲು ತಯಾರಿಸುವ ಪ್ರೋಗ್ರಾಂ ಹೊರಗಿನವರು ಎಣಿಸುವಷ್ಟು ಸರಳವಲ್ಲ. ಇಲ್ಲಿನ ವ್ಯಾಪಾರಿ ಕೃಷಿಕರಿಂದ ಅಡಿಕೆ, ಗೇರುಬೀಜ ಕೊಳ್ಳುತ್ತಾರೆ. ಅದೇ ಕೃಷಿಕರಿಗೆ ಗೊಬ್ಬರ, ಮೈಲುತುತ್ತು, ಸ್ಪ್ರೇಯರ್ ಮಾರುತ್ತಾರೆ. ಕೇರಳದೊಳಗಿನ ಬದಿಯಡ್ಕದ ಗಿರಾಕಿಗೆ ಮಾರಿದರೆ ಕೇಂದ್ರ, ರಾಜ್ಯಗಳ ಪಾಲಾದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಸರಕು ತಲಪಾಡಿ ಗಡಿ ದಾಟಿ ಮಂಗಳೂರಿನ ವ್ಯಾಪಾರಿಗೆ ಹೋದರೆ ಅಂತರರಾಜ್ಯ ಮಾರಾಟದ ಐಜಿಎಸ್‌ಟಿ, ಮೊತ್ತ 50,000 ರೂಪಾಯಿ ಮೀರಿದರೆ ಸರಕು ಸಾಗಣೆಯ ಇ-ವೇ ಬಿಲ್. ಇದರ ಮೇಲೆ, ಕೆಲವರಿಗೆ ಬಿಲ್ಲು ಕನ್ನಡದಲ್ಲಿ ಬೇಕು, ಕೆಲವರಿಗೆ ಮಲಯಾಳದಲ್ಲಿ.

ಇಂಥದೊಂದು ಪ್ರೋಗ್ರಾಂ ಹಲವರ ಕೈ ದಾಟಿ ನಮ್ಮ ಸಣ್ಣ ತಂಡಕ್ಕೆ ಬಂತು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಹೊಸ ಅಗತ್ಯ ಬಂದಾಗಲೆಲ್ಲ ಹಳೆಯ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಒಂದನ್ನು ನಕಲು ಮಾಡಿ ನಾಲ್ಕು ಸಾಲು ತಿದ್ದಿ ಮುಂದೆ ಹೋದ ಗುರುತು ಎಲ್ಲೆಡೆ ಕಾಣುತ್ತಿತ್ತು. ಎಲ್ಲವನ್ನೂ ಹೊಸದಾಗಿ ಬರೆಯೋಣ ಎಂಬ ಮಾತು ತಂಡದಲ್ಲಿ ಬಂತು; ನಾನು ಒಪ್ಪಲಿಲ್ಲ. ದಿನವೂ ಬಿಲ್ಲು ಹರಿಯುತ್ತಿರುವ ಪ್ರೋಗ್ರಾಂನಲ್ಲಿ ವರ್ಷಗಳ ವ್ಯಾಪಾರದ ತಿಳಿವಳಿಕೆ ಇರುತ್ತದೆ. ಅದನ್ನು ಎಸೆಯುವ ಮೊದಲು ಅಳೆದು ನೋಡಬೇಕು.

ಅಳತೆಗೆ ಹಿಡಿದದ್ದು ಥಾಮಸ್ ಮೆಕೇಬ್ 1976ರಲ್ಲಿ ಮುಂದಿಟ್ಟ ಸೈಕ್ಲೊಮ್ಯಾಟಿಕ್ ಸಂಕೀರ್ಣತೆ, ಅಂದರೆ ಕೋಡಿನಲ್ಲಿ ದಾರಿ ಕವಲೊಡೆಯುವ ಜಾಗಗಳ ಎಣಿಕೆ. ಲೆಕ್ಕ ಸುಲಭ. ಫಂಕ್ಷನ್ ಒಂದಕ್ಕೆ 1ರಿಂದ ಆರಂಭಿಸಿ, ಒಳಗೆ ಬರುವ ಪ್ರತಿ ‘ಇಫ್’ (ಹೀಗಿದ್ದರೆ ಎಂಬ ಷರತ್ತು), ಪ್ರತಿ ಲೂಪ್ (ಮತ್ತೆ ಮತ್ತೆ ಓಡುವ ಭಾಗ), ಆಯ್ಕೆಗಳ ಸಾಲಿನ ಪ್ರತಿ ‘ಕೇಸ್’‌ಗೆ ಒಂದೊಂದು ಕೂಡಿಸುತ್ತ ಹೋಗುವುದು. ಇಂದಿನ ಹೆಚ್ಚಿನ ಸಾಧನಗಳು ಷರತ್ತಿನ ನಡುವಿನ ‘ಮತ್ತು’, ‘ಅಥವಾ’ಗಳನ್ನೂ ಎಣಿಸುತ್ತವೆ. ಹತ್ತನ್ನು ಮೀರದಿರಲಿ ಎಂದು ಮೆಕೇಬ್ ಸೂಚಿಸಿದ್ದರು. ನಾವು ಬಳಸಿದ ಲಿಜರ್ಡ್ ಎಂಬ ಸಾಧನ ತಾನಾಗಿ 15 ಮೀರಿದ್ದಕ್ಕೆ ಎಚ್ಚರಿಕೆ ಕೊಡುತ್ತದೆ. ನಮ್ಮ ತೆರಿಗೆ ಲೆಕ್ಕದ ಫಂಕ್ಷನ್ ಐವತ್ತನ್ನೂ ದಾಟಿತ್ತು.

ಆದರೆ ಲಿಜರ್ಡ್ ಕೊಟ್ಟ ಪಟ್ಟಿಯೊಂದನ್ನೇ ನಂಬಿ ಕೆಲಸಕ್ಕೆ ಇಳಿಯಲಿಲ್ಲ. ಕೋಡಿನ ಪ್ರತಿ ತಿದ್ದುಪಡಿಯನ್ನು ದಾಖಲಿಸಿಡುವ ಗಿಟ್ ಎಂಬ ಸಾಧನದ ಇತಿಹಾಸದಿಂದ ಯಾವ ಫೈಲು ಎಷ್ಟು ಸಲ ತಿದ್ದುಪಡಿಯಾಗಿದೆ ಎಂಬ ಇನ್ನೊಂದು ಪಟ್ಟಿ ತೆಗೆದು ಪಕ್ಕದಲ್ಲಿಟ್ಟೆವು. ವಾರ್ಷಿಕ ವರದಿಯ ಫಂಕ್ಷನ್ ಒಂದು ವಿಪರೀತ ಜಟಿಲ, ಆದರೆ ವರ್ಷಗಳಿಂದ ಯಾರೂ ಅದನ್ನು ಮುಟ್ಟಿಲ್ಲ, ದೂರೂ ಬಂದಿಲ್ಲ. ಅದು ಹಾಗೆಯೇ ಇರಲಿ ಎಂದು ಬಿಟ್ಟೆವು. ಜಟಿಲವೂ ಆಗಿದ್ದು ಪದೇಪದೇ ತಿದ್ದುಪಡಿಗೂ ಒಳಗಾಗುವ ಫೈಲುಗಳು ಬೆರಳೆಣಿಕೆಯಷ್ಟು. ಮೊದಲನೆಯದು ತೆರಿಗೆಯ ಲೆಕ್ಕ, ಎರಡನೆಯದು ಬಿಲ್ಲಿನ ಮುದ್ರಣ.

ತೆರಿಗೆಯ ಫಂಕ್ಷನ್ ಒಳಗೆ ಏನಿತ್ತು ಎಂಬುದಕ್ಕೆ ಒಂದು ತುಣುಕು ಸಾಕು. ಕೇರಳದಲ್ಲಿ 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ ಪ್ರವಾಹ ಸೆಸ್ ಇತ್ತು. ಜಿಎಸ್‌ಟಿ ನೋಂದಣಿ ಇಲ್ಲದ ಗಿರಾಕಿಗೆ ರಾಜ್ಯದೊಳಗೆ ಮಾರಿದ, ಶೇ 5ಕ್ಕಿಂತ ಹೆಚ್ಚಿನ ದರದ ಸರಕಿಗೆ ಶೇ 1. ಅದು ಕೋಡಿಗೆ ಬಂದದ್ದು ಹೀಗೆ: ಜಿಎಸ್‌ಟಿ ಸಂಖ್ಯೆ ಖಾಲಿಯೇ, ರಾಜ್ಯದ ಸಂಕೇತ 32 (ಕೇರಳ) ಹೌದೇ, ತಾರೀಖು ಆ ಎರಡರ ನಡುವೆ ಇದೆಯೇ, ದರ ಐದಕ್ಕಿಂತ ಹೆಚ್ಚೇ. ಒಂದೇ ಸೆಸ್‌ಗೆ ಐದು ಕವಲು. ಅದೇ ಷರತ್ತು ಮಾರಾಟದಲ್ಲಿ, ಸರಕು ಹಿಂತಿರುಗಿಸುವಲ್ಲಿ, ಬಿಲ್ಲಿನ ಮರುಮುದ್ರಣದಲ್ಲಿ, ಮಾಸಿಕ ಲೆಕ್ಕದಲ್ಲಿ ಮತ್ತೆ ಮತ್ತೆ. ಸೆಸ್ ಮುಗಿದರೂ ಅಳಿಸುವಂತಿಲ್ಲ, ಏಕೆಂದರೆ ಆ ಕಾಲದ ಬಿಲ್ಲನ್ನು ಲೆಕ್ಕಪರಿಶೋಧಕರು ಇಂದು ಕೇಳಿದರೂ ಅಂದಿನಂತೆಯೇ ಮುದ್ರಿಸಿ ಕೊಡಬೇಕು.

ಇಲ್ಲಿ ಹೆಚ್ಚಿನವರು ಹಿಡಿಯುವ ದಾರಿ, ದೊಡ್ಡ ಫಂಕ್ಷನ್ ಅನ್ನು ಎಂಟು ಸಣ್ಣ ಫಂಕ್ಷನ್‌ಗಳಾಗಿ ಕತ್ತರಿಸುವುದು. ಕೂಡಲೇ ಪ್ರತಿಯೊಂದರ ಸಂಖ್ಯೆ ಹತ್ತರೊಳಗೆ ಬರುತ್ತದೆ, ವರದಿ ಹಸಿರಾಗುತ್ತದೆ. ಓದಲು ಹಿತವಾಗುವುದೂ ನಿಜ. ಆದರೆ ಕವಲುಗಳ ಒಟ್ಟು ಲೆಕ್ಕ ಹಾಕಿದರೆ ಒಂದೂ ಕಡಿಮೆಯಾಗಿರುವುದಿಲ್ಲ, ಮನೆ ಬದಲಿಸಿರುತ್ತವೆ ಅಷ್ಟೆ. ಆದ್ದರಿಂದ ನಾವು ಕತ್ತರಿಸುವ ಮೊದಲು ನಿಯಮಗಳನ್ನು ಕೋಡಿನಿಂದ ಹೊರಗೆ ತಂದೆವು. ಸರಕಿನ ವರ್ಗ, ಮಾರಾಟದ ಬಗೆ, ಯಾವ ದಿನದಿಂದ, ಯಾವ ದಿನದವರೆಗೆ, ಎಷ್ಟು ದರ – ಇಷ್ಟು ಕಾಲಂಗಳ ಒಂದು ಪಟ್ಟಿ. ಫಂಕ್ಷನ್ ಈಗ ಬಿಲ್ಲಿನ ತಾರೀಖಿಗೆ ಹೊಂದುವ ಸಾಲುಗಳನ್ನು ಹುಡುಕಿ ಗುಣಿಸಿ ಕೂಡಿಸುತ್ತದೆ. ಪ್ರವಾಹ ಸೆಸ್ ಆರಂಭವೂ ಕೊನೆಯೂ ಇರುವ ಕೆಲವು ಸಾಲುಗಳಾಗಿ ಅಲ್ಲಿ ಉಳಿದಿದೆ. ಹೀಗೆ ಮಾಡಿದಾಗ ಕವಲುಗಳು ನಿಜಕ್ಕೂ ಇಲ್ಲವಾದವು.

ನಕಲು ಹುಡುಕಲು, ಕೋಡ್ ಪರಿಶೀಲಿಸುವ ಪಿಎಂಡಿ ಎಂಬ ಸಾಧನದ ಜೊತೆಗೆ ಬರುವ ಸಿಪಿಡಿ ಬಳಸಿದೆವು. ಅದು ಕೋಡನ್ನು ಟೋಕನ್‌ಗಳಾಗಿ (ಪದ, ಚಿಹ್ನೆಗಳ ಚೂರುಗಳಾಗಿ) ಒಡೆದು, ನಾವು ಹೇಳಿದಷ್ಟು ಉದ್ದದ ಒಂದೇ ಸರಣಿ ಎರಡು ಕಡೆ ಇದ್ದರೆ ತೋರಿಸುತ್ತದೆ. ಖಾಲಿ ಜಾಗ, ಟಿಪ್ಪಣಿಗಳ ವ್ಯತ್ಯಾಸ ಅದಕ್ಕೆ ಲೆಕ್ಕವಿಲ್ಲ. ನೂರು ಟೋಕನ್ ಮಿತಿ ಇಟ್ಟು ನಡೆಸಿದಾಗ ಮಾರಾಟದ ನಕಲುಗಳು ಬಂದವು, ಮುದ್ರಣದ ಭಾಗ ಮಾತ್ರ ಸ್ವಚ್ಛವೆಂದು ಕಂಡಿತು. ನನಗೆ ನಂಬಿಕೆ ಬರಲಿಲ್ಲ. ಕನ್ನಡ ಬಿಲ್ಲಿನ ಫೈಲನ್ನೂ ಮಲಯಾಳ ಬಿಲ್ಲಿನ ಫೈಲನ್ನೂ ಅಕ್ಕಪಕ್ಕ ತೆರೆದೆ. ಒಂದರಲ್ಲಿ ‘ತೂಕ’, ಇನ್ನೊಂದರಲ್ಲಿ ‘ತೂಕ್ಕಂ’. ಒಂದರಲ್ಲಿ ‘ಬೆಲೆ’, ಇನ್ನೊಂದರಲ್ಲಿ ‘ವಿಲ’. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. ಎರಡು ಮೂರು ಸಾಲಿಗೊಂದು ಪದ ಬೇರೆಯಾಗಿ ಸರಣಿ ತುಂಡಾಗುತ್ತಿದ್ದುದರಿಂದ ಸಾಧನಕ್ಕೆ ಅದು ನಕಲಾಗಿ ಕಂಡಿರಲಿಲ್ಲ. ಉದ್ಧರಣ ಚಿಹ್ನೆಯೊಳಗಿನ ಪದಗಳನ್ನೂ ಅಂಕಿಗಳನ್ನೂ ಕಡೆಗಣಿಸುವ ಆಯ್ಕೆ ಸಿಪಿಡಿಯಲ್ಲೇ ಇದೆ. ಅದನ್ನು ಹಾಕಿ ಮತ್ತೆ ನಡೆಸಿದೊಡನೆ ಎರಡೂ ಫೈಲುಗಳು ಪಟ್ಟಿಯ ತಲೆಗೆ ಬಂದವು. ಎರಡು ಭಾಷೆಗಳಲ್ಲಿ ವ್ಯವಹರಿಸುವ ಪ್ರೋಗ್ರಾಂ ಇರುವವರು ಈ ಆಯ್ಕೆಯನ್ನು ಖಂಡಿತ ಬಳಸಿ ನೋಡಬೇಕು.

ಒಂದೇ ಅಲ್ಲದ ಜಾಗವೂ ಅಲ್ಲಿ ಇತ್ತು, ಮತ್ತು ಅದೇ ಮುಖ್ಯವಾದುದು. ಕನ್ನಡ ಬಿಲ್ಲು ಪ್ರತಿ ಸಾಲಿನ ತೆರಿಗೆಯನ್ನು ಪೈಸೆಗೆ ಸರಿಹೊಂದಿಸಿ ಆಮೇಲೆ ಕೂಡಿಸುತ್ತಿತ್ತು. ಮಲಯಾಳ ಬಿಲ್ಲು ಕೂಡಿಸಿದ ಮೇಲೆ ಸರಿಹೊಂದಿಸುತ್ತಿತ್ತು. ಯಾವಾಗಲೋ ಒಬ್ಬರು ಒಂದು ಪ್ರತಿಯನ್ನು ತಿದ್ದಿದ್ದಾರೆ, ಇನ್ನೊಂದು ಇದೆಯೆಂದು ಅವರಿಗೆ ತಿಳಿದಿರಲಾರದು. ಒಂದೇ ಸರಕಿಗೆ ಭಾಷೆ ಬದಲಾದರೆ ಕೆಲವು ಪೈಸೆ ವ್ಯತ್ಯಾಸ! ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ ಅಂಗಡಿಯ ಗುಮಾಸ್ತರು ಪಟ್ಟ ಪಾಡಿನ ಮೂಲ ಇದಾಗಿತ್ತು.

ಕೈ ಹಾಕುವ ಮೊದಲು ಹಳೆಯ ವರ್ಷಗಳ ಬಿಲ್ಲುಗಳನ್ನು ಹೆಸರು, ಫೋನ್ ನಂಬರ್ ತೆಗೆದು ಒಟ್ಟುಗೂಡಿಸಿದೆವು. ಪ್ರತಿ ತಿದ್ದುಪಡಿಯ ಬಳಿಕ ಹಳೆಯ ಕೋಡೂ ಹೊಸ ಕೋಡೂ ಅವುಗಳ ಮೇಲೆ ಓಡಿ ಪೈಸೆಪೈಸೆಗೆ ಹೊಂದಬೇಕು; ಹೊಂದದಿದ್ದರೆ ಕಾರಣ ಬರೆದಿಡಬೇಕು. ಈ ಬಲೆ ಇಲ್ಲದೆ ನಕಲು ತೆಗೆಯಲು ಹೊರಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆಮೇಲಿನ ಕೆಲಸ ಚುರುಕಾಗಿ ಸಾಗಿತು: ಮುದ್ರಣಕ್ಕೆ ಒಂದೇ ಫಂಕ್ಷನ್, ಪದಗಳಿಗೆ ಭಾಷೆಗೊಂದು ಫೈಲು.

ಸಿಪಿಡಿಯ ಪಟ್ಟಿಯಲ್ಲಿ ಇನ್ನೊಂದು ಜೋಡಿ ಇತ್ತು: ಅಡಿಕೆ ಖರೀದಿ ಮತ್ತು ಗೇರುಬೀಜ ಖರೀದಿ. ನೋಡಲು ಅವಳಿ. “ಅಣ್ಣ, ಇವೆರಡನ್ನೂ ಒಂದು ಮಾಡಿಬಿಡೋಣವೇ?” ಎಂದು ಜೊತೆಗಾರ ಕೇಳಿದ. ಬೇಡ ಎಂದೆ. ಸುಲಿಯದ ಗೇರುಬೀಜವನ್ನು ನೋಂದಾಯಿತ ವ್ಯಾಪಾರಿ ಕೃಷಿಕರಿಂದ ಕೊಂಡರೆ ರಿವರ್ಸ್ ಚಾರ್ಜ್ ಅಡಿಯಲ್ಲಿ ತೆರಿಗೆ ಕಟ್ಟುವುದು ಕೊಂಡವರ ಹೊಣೆ. ಅಡಿಕೆಗೆ ಆ ನಿಯಮವಿಲ್ಲ. ಅಡಿಕೆಗೆ ಇರುವುದು ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಮುಂತಾದ ದರ್ಜೆಗಳ ರಗಳೆ. ಒಂದು ಬದಲಾಗುವುದು ತೆರಿಗೆ ಕಾನೂನಿನಿಂದ, ಇನ್ನೊಂದು ಮಾರುಕಟ್ಟೆಯಿಂದ. ಬದಲಾಗುವ ಕಾರಣ ಬೇರೆಬೇರೆಯಾಗಿರುವ ಎರಡನ್ನು ಕಟ್ಟಿಹಾಕಿದರೆ ನಾಳೆ ಆ ಒಂದೇ ಫಂಕ್ಷನ್‌ನೊಳಗೆ ‘ಇದು ಗೇರುಬೀಜವಾದರೆ’ ಎಂಬ ಕವಲುಗಳು ಮೊಳೆಯುತ್ತವೆ; ನಕಲು ಕಡಿಮೆಯಾಗಿ ಸಂಕೀರ್ಣತೆ ಏರುತ್ತದೆ. ತೂಕ ಕಳೆಯುವ ಭಾಗವನ್ನಷ್ಟೇ ಹಂಚಿಕೊಂಡು ಉಳಿದುದನ್ನು ಬೇರೆಯಾಗಿಯೇ ಇಟ್ಟೆವು.

ಅಡಿಕೆಯ ದರ್ಜೆ ಆರಿಸುವ ‘ಸ್ವಿಚ್’ (ಹಲವು ಕೇಸ್‌ಗಳಲ್ಲಿ ಒಂದನ್ನು ಆರಿಸುವ ರಚನೆ) ಕೂಡ ಹತ್ತನ್ನು ಮೀರುತ್ತದೆ. ಅದನ್ನು ಮುಟ್ಟಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಕೇಸ್‌ಗಳ ಸಾಲಿಗೆ ಈ ಮಿತಿ ಸಲ್ಲದು ಎಂದು ಮೆಕೇಬ್ ಆಗಲೇ ಹೇಳಿದ್ದರು. ಕೋಡ್ ಪರಿಶೀಲಿಸುವ ಸಾಧನ ತಯಾರಿಸುವ ಸೋನಾರ್‌ಸೋರ್ಸ್‌ನವರ ಕಾಗ್ನಿಟಿವ್ ಸಂಕೀರ್ಣತೆಯ ಲೆಕ್ಕದಲ್ಲಿ ಇಡೀ ಸ್ವಿಚ್‌ಗೆ ಒಂದೇ ಅಂಕ; ಒಳಗೊಳಗೆ ಹುದುಗಿದ ಇಫ್‌ಗಳಿಗೆ ಆಳ ಹೆಚ್ಚಿದಂತೆ ಹೆಚ್ಚು ಅಂಕ. ಓದುವವರ ಕಷ್ಟ ತಿಳಿಯಲು ನನಗೆ ಆ ಲೆಕ್ಕವೇ ಹೆಚ್ಚು ಒಪ್ಪಿಗೆ. ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಎಷ್ಟು ಬರೆಯಬೇಕು ಎಂಬುದಕ್ಕೆ ಮೆಕೇಬ್‌ರ ಸಂಖ್ಯೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಸಸ್ಯಗಳ ಲಘು ಪೋಷಕಾಂಶ, ಕೆಲವು ಜೈವಿಕ ಕೀಟನಾಶಕ ಶೇ 12ರಿಂದ 5ಕ್ಕೆ ಇಳಿದವು. ಹಳೆಯ ಕೋಡಿನಲ್ಲಾದರೆ ಹನ್ನೆರಡು ಎಂಬ ಅಂಕಿ ಎಲ್ಲೆಲ್ಲಿ ಅಡಗಿದೆ ಎಂದು ಜಾಲಾಡಬೇಕಿತ್ತು. ಈ ಸಲ ಹಳೆಯ ಸಾಲುಗಳಿಗೆ ಕೊನೆಯ ದಿನ ತುಂಬಿ, ಹೊಸ ಸಾಲು ಸೇರಿಸಿದೆವು. ಕೋಡ್ ಮುಟ್ಟಲಿಲ್ಲ.

ಈಗ ಹೊಸ ಫಂಕ್ಷನ್ ಹತ್ತು ಮೀರಿದರೆ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಹಂತ) ನಿಲ್ಲುತ್ತದೆ. ಹಳೆಯದಕ್ಕೆ ಈ ನಿಯಮ ಅನ್ವಯಿಸುವುದು ಅದನ್ನು ಯಾರಾದರೂ ತಿದ್ದಲು ತೆರೆದಾಗ ಮಾತ್ರ. ಪರೀಕ್ಷೆಗಳ ಕೋಡಿಗೆ ಸಿಪಿಡಿ ಹಾಕಿಲ್ಲ. ಅಲ್ಲಿ ಪ್ರತಿ ಬಿಲ್ಲಿನ ವಿವರ ಮತ್ತೆ ಮತ್ತೆ ಬರೆದಿದ್ದರೇ ಓದುವವರಿಗೆ ಅನುಕೂಲ. ಮುಂದಿನ ಸರದಿ ದಾಸ್ತಾನು ಪುಸ್ತಕದ್ದು; ಗೋದಾಮಿನಲ್ಲಿ ಒಣಗಿ ಕಡಿಮೆಯಾಗುವ ಅಡಿಕೆಯ ತೂಕವನ್ನು ಅದು ಮೂರು ಬೇರೆಬೇರೆ ಕಡೆ ಲೆಕ್ಕ ಹಾಕುತ್ತಿದೆ.