ತಳ ಬಿಡದ ಸೆಕ್61 ಬೀಟಾ

ಹೊಸ ಪ್ರೋಟೀನ್‌ಗಳನ್ನು ಇಆರ್ (ಜೀವಕೋಶದೊಳಗಿನ ಪೊರೆಗಳ ಜಾಲ) ಒಳಗೆ ಬಿಡುವ ಬಾಗಿಲಿನ ಪುಟ್ಟ ಭಾಗ ಈ ಸೆಕ್61 ಬೀಟಾ ಪ್ರೋಟೀನ್, ಮನುಷ್ಯರಲ್ಲಿ ಬರೀ 96 ಅಮೈನೋ ಆಮ್ಲ, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಆರಾಮಾಗಿ ತಯಾರಾಗಿ ಬರುತ್ತದೆ ಅಂದುಕೊಂಡಿದ್ದೆ. ಎಲ್ಲಿ ಬಂತು! ಪ್ರತಿ ಸಲ ಸೆಂಟ್ರಿಫ್ಯೂಜ್ ಮಾಡಿದಾಗ ಕರಗದೆ ಸುಣ್ಣದ ಮುದ್ದೆ ಹಾಗೆ ಟ್ಯೂಬಿನ ತಳದಲ್ಲೇ. ಬ್ಯಾಕ್ಟೀರಿಯಾ ಬೆಳೆಸುವ ಬಿಸಿಯನ್ನು 18 ಡಿಗ್ರಿಗೆ ಇಳಿಸಿದೆ, ಪ್ರೋಟೀನ್ ತಯಾರಿ ಶುರು ಮಾಡಿಸುವ ಐಪಿಟಿಜಿ ರಾಸಾಯನಿಕ ಕಮ್ಮಿ ಮಾಡಿದೆ, ಸುಮ್ನೆ ಎರಡು ವಾರ ಹೋಯಿತು.

ಬಾಲದ ಕಡೆ ಪೊರೆಯೊಳಗೆ ನೆಟ್ಟುಕೊಳ್ಳುವ ತುಂಡಿದೆ, ಅದು ನೀರಲ್ಲಿ ಕರಗುತ್ತದಾ? ನನಗೆ ಬೇಕಿದ್ದದ್ದು ಸೈಟೋಪ್ಲಾಸಂ ಕಡೆಯ ಭಾಗ ಅಷ್ಟೇ. ಬಾಲ ಕತ್ತರಿಸಿ, ಮುಂದೆ ಹಿಸ್ ಟ್ಯಾಗ್ (ಪ್ರೋಟೀನನ್ನು ಹಿಡಿದು ಶುದ್ಧ ಮಾಡೋಕೆ ಪುಟ್ಟ ಬಾಲಂಗೋಚಿ) ಹಾಕಿ ಮತ್ತೆ ಕ್ಲೋನ್ ಮಾಡಿದೆ, ಕರಗಿತು. ಖುಷಿಯಲ್ಲಿ 10 ಕಿಲೋಡಾಲ್ಟನ್ (ಅಣುತೂಕದ ಅಳತೆ) ಫಿಲ್ಟರಿಗೆ, ಅಂದರೆ ಅದಕ್ಕಿಂತ ದೊಡ್ಡ ಪ್ರೋಟೀನನ್ನು ಮೇಲೆ ತಡೆದು ನಿಲ್ಲಿಸುವ ಜಾಲರಿಗೆ, ಸುರಿದರೆ ಮೇಲೆ ಏನೂ ಇಲ್ಲ! ಪ್ರೋಟೀನೇ ಅದಕ್ಕಿಂತ ಚಿಕ್ಕದು ಅಲ್ವಾ, ಸೋರಿಹೋಗಿತ್ತು. ಪುಣ್ಯಕ್ಕೆ ಕೆಳಗಿನದನ್ನು ಚೆಲ್ಲಿರಲಿಲ್ಲ. 3 ಕಿಲೋಡಾಲ್ಟನ್ ಫಿಲ್ಟರಿಗೆ ಹಾಕಿದೆ, ನಿಂತಿತು.