ತರಬೇತಿ ಅರ್ಧಕ್ಕೆ ಬಿಡುವವರನ್ನು ಉಳಿಸಿಕೊಳ್ಳುವುದು: ವರ್ಕ್‌ಶಾಪಿನಲ್ಲಿ ನಾವು ಮಾಡುವ ಕ್ರಮ

ಕಸುಬಿನ ತರಬೇತಿಗೆ ಸೇರಿದವರಲ್ಲಿ "ನಾಳೆಯಿಂದ ಬರಲ್ಲ ಸಾರ್" ಎಂದು ಹೇಳಿ ಹೋಗುವವರು ತೀರಾ ಕಡಿಮೆ. ಹೆಚ್ಚಿನವರು ಸದ್ದಿಲ್ಲದೆ ಕರಗಿಹೋಗುತ್ತಾರೆ. ಮೊದಲು ತಡವಾಗಿ ಬರುತ್ತಾರೆ, ಆಮೇಲೆ ಮಧ್ಯಾಹ್ನದ ಪಾಳಿಯಲ್ಲಿ ಕಾಣುವುದಿಲ್ಲ, ರಜೆಯ ಮರುದಿನ ತಪ್ಪಿಸುತ್ತಾರೆ, ಕೊನೆಗೆ ಫೋನ್ ಎತ್ತುವುದಿಲ್ಲ. ಹೆಸರು ಹೊಡೆದುಹಾಕುವ ದಿನ ಕಚೇರಿಗೆ ಅದು ಹೊಸ ಸುದ್ದಿ, ವರ್ಕ್‌ಶಾಪಿಗೆ ಹಳೆಯ ವಿಷಯ. ಆದ್ದರಿಂದ ನಮ್ಮ ಕೆಲಸದ ಬಹುಪಾಲನ್ನು ಮೊದಲ ಆರು ವಾರಕ್ಕೇ ಎಳೆದು ತಂದಿದ್ದೇವೆ.

ಒಂದು ವಿಷಯವನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಕಾರ್ಖಾನೆಯಲ್ಲಿ ಕೆಲಸ, ಶಾಲೆಯಲ್ಲಿ ಪಾಠ ಎರಡೂ ಒಟ್ಟಿಗೆ ನಡೆಯುವ ಪದ್ಧತಿ ಗಟ್ಟಿಯಾಗಿ ಬೇರೂರಿರುವ ಜರ್ಮನಿಯಲ್ಲೂ ಅಪ್ರೆಂಟಿಸ್ ಒಪ್ಪಂದಗಳಲ್ಲಿ ನಾಲ್ಕಕ್ಕೊಂದಕ್ಕಿಂತ ಹೆಚ್ಚು ಅವಧಿಗೆ ಮುನ್ನವೇ ಮುರಿಯುತ್ತವೆ. ಆದರೆ ಮುರಿದವರೆಲ್ಲ ಕಲಿಕೆ ಬಿಟ್ಟವರಲ್ಲ. ಎಷ್ಟೋ ಮಂದಿ ಬೇರೆ ಕಾರ್ಖಾನೆಗೋ ಬೇರೆ ಕಸುಬಿಗೋ ಹೋಗಿ ಹೊಸ ಒಪ್ಪಂದ ಮಾಡಿಕೊಳ್ಳುತ್ತಾರೆ. ಟ್ರೇಡ್ (ಕಲಿಯುವ ಕಸುಬು) ಬದಲಿಸಿದವರು, ಜಾಗ ಬದಲಿಸಿದವರು, ಕಲಿಕೆಯನ್ನೇ ಬಿಟ್ಟವರು, ಈ ಮೂವರನ್ನೂ ಒಂದೇ ಕಾಲಮಿಗೆ ತುಂಬಿದರೆ ಲೆಕ್ಕವೂ ಹಾಳು, ಉಪಾಯವೂ ಹಾಳು. ನಾವು ತಲೆಕೆಡಿಸಿಕೊಳ್ಳುವುದು ಮೂರನೆಯವರ ಬಗ್ಗೆ.

ಹಾಜರಿ ಪುಸ್ತಕದಿಂದ ಶುರು ಮಾಡೋಣ. ಬಂದ, ಬಂದಿಲ್ಲ ಎಂಬ ಎರಡೇ ಗುರುತು ಇರುವ ಪುಸ್ತಕ ಸಂಬಳದ ಲೆಕ್ಕಕ್ಕೆ ಸಾಕು, ಈ ಕೆಲಸಕ್ಕೆ ಸಾಲದು. ನಾವು ನಾಲ್ಕು ಗುರುತು ಹಾಕುತ್ತೇವೆ: ಪೂರ್ತಿ ದಿನ, 15 ನಿಮಿಷಕ್ಕಿಂತ ತಡ, ಅರ್ಧ ದಿನ, ಗೈರು. ಗೈರಿನಲ್ಲಿ ಮೊದಲೇ ಹೇಳಿದ್ದಕ್ಕೆ ಒಂದು ಬಣ್ಣ, ಹೇಳದ್ದಕ್ಕೆ ಇನ್ನೊಂದು. ಪ್ರತಿ ಶುಕ್ರವಾರ ಇನ್‌ಸ್ಟ್ರಕ್ಟರ್ ಪುಟವನ್ನು ಅಡ್ಡಡ್ಡ ಓದುತ್ತಾರೆ, ಅಂದರೆ ದಿನದ ಲೆಕ್ಕವಲ್ಲ, ಒಬ್ಬೊಬ್ಬರ ಸಾಲು. ಎರಡು ವಾರದಲ್ಲಿ ಮೂರು ಅರ್ಧ ದಿನ ಬಂದರೆ ಮಾತಾಡಬೇಕು. ಕಳೆದ 20 ಕೆಲಸದ ದಿನಗಳಲ್ಲಿ ಗೈರು ಐದಾದರೆ ಮನೆಯವರನ್ನೂ ಸೇರಿಸಿಕೊಂಡು ಅದೇ ವಾರ ಕೂರಬೇಕು. ಶಾಲೆಗಳಲ್ಲಿ ವರ್ಷದ ಒಟ್ಟು ದಿನಗಳ 10 ಶೇಕಡಾ ತಪ್ಪಿದರೆ ಅಪಾಯದ ಗೆರೆ ಎಂದು ಹಲವು ಕಡೆ ಎಣಿಸುತ್ತಾರೆ. ನಮಗೆ ಅದು ತಡವಾದ ಗೆರೆ. 10 ಶೇಕಡಾ ಮುಟ್ಟುವ ಹೊತ್ತಿಗೆ ಹುಡುಗ ತಪ್ಪಿಸಿಕೊಂಡ ಜಾಬ್‌ಗಳು (ಅಭ್ಯಾಸಕ್ಕೆ ಮಾಡಬೇಕಾದ ಕೆಲಸದ ತುಂಡುಗಳು) ಒಂದರ ಮೇಲೊಂದು ಕೂತಿರುತ್ತವೆ. ಮತ್ತೆ ಬಂದರೆ ಎಲ್ಲರೂ ಡ್ರಿಲ್ಲಿಂಗಿನಲ್ಲಿದ್ದಾರೆ, ಇವನು ಇನ್ನೂ ಗೆರೆ ಹಾಕುವ ಮಾರ್ಕಿಂಗಿನಲ್ಲಿ. ಆ ನಾಚಿಕೆಯೇ ಮುಂದಿನ ಗೈರಿಗೆ ಕಾರಣವಾಗುತ್ತದೆ.

ಪುಸ್ತಕದಲ್ಲಿ ಕಾಣದ ಸುಳಿವುಗಳೂ ಇವೆ. ಟೂಲ್ ಬಾಕ್ಸ್ ಮನೆಗೆ ಒಯ್ದವನು ವಾಪಸ್ ತರದಿರುವುದು, ಡ್ರಾಯಿಂಗ್ ಶೀಟ್ ಅರ್ಧಕ್ಕೆ ನಿಲ್ಲಿಸುವುದು, ಪಕ್ಕದವನ ಜಾಬ್ ತೋರಿಸಿ ಸಹಿ ಹಾಕಿಸಿಕೊಳ್ಳುವುದು. ಇವನ್ನು ಶಿಸ್ತಿನ ವಿಷಯವಾಗಿ ನೋಡಿ ಬೈದು ಬಿಟ್ಟರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಹೇಳದೆ ಗೈರಾದವರಿಗೆ ಅದೇ ದಿನ, ಮೊದಲ ಪಾಳಿ ಮುಗಿಯುವುದರೊಳಗೆ ಫೋನ್ ಹೋಗಬೇಕು. ಫೋನ್ ಮಾಡುವವರು ಕಚೇರಿ ಗುಮಾಸ್ತರಲ್ಲ, ಅವರಿಗೆ ಕಲಿಸುವವರು. ಎರಡೇ ನಿಮಿಷದ ಮಾತು: ಇಂದು ಏನು ಕೆಲಸ ನಡೆಯುತ್ತಿದೆ, ನಿನ್ನ ಜಾಬ್ ಎಲ್ಲಿ ಇಟ್ಟಿದ್ದೇವೆ, ನಾಳೆ ಯಾವ ಹಂತದಿಂದ ಶುರು. "ಯಾಕೆ ಬರಲಿಲ್ಲ" ಎಂದು ಕೇಳಿದರೆ ಒಂದು ಸುಳ್ಳು ಸಿಗುತ್ತದೆ, ಆ ಸುಳ್ಳನ್ನು ಕಾಪಾಡಿಕೊಳ್ಳಲು ಹುಡುಗ ಇನ್ನೂ ಎರಡು ದಿನ ಬರುವುದಿಲ್ಲ. ಕಾರಣ ಕೇಳುವುದು ಬಂದ ಮೇಲೆ, ಬೆಂಚಿನ ಪಕ್ಕ ನಿಂತು, ಕೈಯಲ್ಲಿ ಕೆಲಸ ಇರುವಾಗ. ಮೇಜಿನ ಆಚೆ ಈಚೆ ಕೂತರೆ ಅದು ವಿಚಾರಣೆಯಾಗುತ್ತದೆ. "ಬರೋಕೆ ಏನು ಅಡ್ಡ ಬಂತು?" ಎಂಬ ಪ್ರಶ್ನೆಗೆ ಉತ್ತರ ಬರುವ ಸಾಧ್ಯತೆ ಹೆಚ್ಚು. ಮಾತು ಮುಗಿದಾಗ ಇಬ್ಬರೂ ಒಪ್ಪಿದ ಒಂದೇ ಒಂದು ಕೆಲಸ ಕಾಗದದ ಮೇಲೆ ಇರಬೇಕು, ಏಳು ದಿನದೊಳಗೆ ಅದನ್ನು ಮತ್ತೆ ನೋಡಬೇಕು. ಮನೆಯ ಜಗಳ, ಕಾಯಿಲೆ, ಸಾಲ ಮುಂತಾದವು ಹಾಜರಿ ಪುಸ್ತಕಕ್ಕೆ ಹೋಗಕೂಡದು. ಅವಕ್ಕೆ ಬೇರೆ ಫೈಲ್, ಬೀಗದೊಳಗೆ.

ಕಾರಣ ತಿಳಿಯದೆ ಪರಿಹಾರ ಹಂಚುವುದು ಈ ಕ್ಷೇತ್ರದ ದೊಡ್ಡ ಚಾಳಿ. ಸೀನಿಯರ್‌ನಿಂದ ದಿನಾ ಅವಮಾನವಾಗುತ್ತಿರುವವನಿಗೆ ಬಸ್ ಪಾಸ್ ಕೊಟ್ಟು ಪ್ರಯೋಜನವಿಲ್ಲ.

ಫಿಟ್ಟಿಂಗ್ (ಲೋಹದ ಭಾಗಗಳನ್ನು ಕೈಯಿಂದ ಸವೆಸಿ ಕೂಡಿಸುವುದು), ಟರ್ನಿಂಗ್ (ಲೇತ್‌ನಲ್ಲಿ ಕಡೆಯುವುದು) ಟ್ರೇಡ್‌ಗಳಲ್ಲಿ ಹೆಚ್ಚಾಗಿ ಮುಚ್ಚಿಡುವ ಕಾರಣ ಲೆಕ್ಕ. 0.02 ಮಿ.ಮೀ. ವರೆಗೆ ಅಳೆಯುವ ವರ್ನಿಯರ್ ಕ್ಯಾಲಿಪರ್ ಎಂಬ ಅಳತೆ ಉಪಕರಣ ತೆಗೆದುಕೊಳ್ಳಿ. ಮುಖ್ಯ ಸ್ಕೇಲಿನ 49 ಮಿ.ಮೀ. ಉದ್ದವನ್ನು ವರ್ನಿಯರಿನಲ್ಲಿ, ಅಂದರೆ ಜಾರುವ ಚಿಕ್ಕ ಸ್ಕೇಲಿನಲ್ಲಿ, 50 ಭಾಗ ಮಾಡಿರುತ್ತಾರೆ. ಮುಖ್ಯ ಸ್ಕೇಲಿನಲ್ಲಿ 23 ದಾಟಿದೆ, ವರ್ನಿಯರಿನ 17ನೆಯ ಗೆರೆ ಕೂಡಿದೆ ಎಂದರೆ 17 × 0.02 = 0.34, ಒಟ್ಟು 23.34. ದಶಾಂಶದ ಗುಣಾಕಾರ ಬಾರದವನಿಗೆ ಇದು ಗೋಡೆ. ಅವನು "ನನಗೆ ಬರಲ್ಲ" ಎನ್ನುವುದಿಲ್ಲ, ಅಳತೆ ಪರೀಕ್ಷೆಯ ದಿನ ಹೊಟ್ಟೆನೋವು ಎನ್ನುತ್ತಾನೆ. ಆದ್ದರಿಂದ ಮೊದಲ ವಾರವೇ 12 ಲೆಕ್ಕಗಳ ಒಂದು ಹಾಳೆ, 20 ನಿಮಿಷ: ಸೆಂಟಿಮೀಟರಿನಿಂದ ಮಿಲಿಮೀಟರಿಗೆ, ಭಿನ್ನರಾಶಿಯಿಂದ ದಶಾಂಶಕ್ಕೆ, ಸರಳ ಶೇಕಡಾ, ದಶಾಂಶದ ಕೂಡು-ಕಳೆ. ಅಂಕ ಯಾರಿಗೂ ಓದಿ ಹೇಳುವುದಿಲ್ಲ. ಆರಕ್ಕಿಂತ ಕಡಿಮೆ ಸರಿ ಇದ್ದವರಿಗೆ ದಿನಕ್ಕೆ ಅರ್ಧ ಗಂಟೆ, ವರ್ಕ್‌ಶಾಪಿನೊಳಗೇ, ಮುಂದಿರುವ ಜಾಬ್ ಹಿಡಿದುಕೊಂಡೇ. "ಈಗ 45.00 ಇದೆ, ಬೇಕಾದ್ದು 44.60, ಇನ್ನೆಷ್ಟು ಅರ ಹಾಕಿ ಸವೆಸಬೇಕು?" ಕರಿಹಲಗೆಯ ಮುಂದೆ ಕೂರಿಸಿದರೆ ಅವರು ಬಿಟ್ಟುಬಂದ ಶಾಲೆಯೇ ಮತ್ತೆ ಎದುರಾಗುತ್ತದೆ. ವರ್ನಿಯರ್ ಗೆರೆಗಳನ್ನು ರಟ್ಟಿನ ಮೇಲೆ ಹತ್ತು ಪಟ್ಟು ದೊಡ್ಡದಾಗಿ ಬರೆದು, ಜಾರುವ ಪಟ್ಟಿ ಮಾಡಿ ಕೊಟ್ಟರೆ ಎರಡು ಮೂರು ಸಲ ಕೂತಾಗ ಬಹುತೇಕರಿಗೆ ಹಿಡಿತ ಸಿಗುತ್ತದೆ.

ಇನ್ನೊಂದು ಕಾರಣ ಮೈ ನೋವು. ಇದನ್ನು "ಸೋಮಾರಿತನ" ಎಂದು ಬರೆದುಕೊಂಡ ಪುಸ್ತಕಗಳು ಎಲ್ಲ ಕಡೆ ಸಿಗುತ್ತವೆ. ಕೆಲಸದ ತುಂಡನ್ನು ಬಿಗಿಹಿಡಿಯುವ ವೈಸ್‌ನ ದವಡೆಯ ಮೇಲ್ಭಾಗ ನಿಂತವನ ಮೊಣಕೈ ಎತ್ತರಕ್ಕೆ ಇರಬೇಕು. ಬೆಂಚುಗಳೆಲ್ಲ ಒಂದೇ ಎತ್ತರ, ಹುಡುಗರು ಹುಡುಗಿಯರು ಬೇರೆ ಬೇರೆ ಎತ್ತರ. ಗಿಡ್ಡ ಇದ್ದವರು ಭುಜ ಎತ್ತಿ ಅರ ಹಾಕುತ್ತಾರೆ, ಮೂರನೆಯ ದಿನಕ್ಕೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಜೊತೆಗೆ ಅರ ತೂಗಾಡಿ ಮೇಲ್ಮೈ ನಡುವೆ ಉಬ್ಬುತ್ತದೆ, ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟರೆ ಎರಡೂ ಬದಿ ಬೆಳಕು ತೂರುತ್ತದೆ. ಎಷ್ಟು ತಿಕ್ಕಿದರೂ ಸರಿಹೋಗದ ಕೆಲಸವನ್ನು ಯಾರೂ ಪ್ರೀತಿಸಲಾರರು. ಕಾಲಡಿಗೆ 5ರಿಂದ 10 ಸೆಂ.ಮೀ. ಮರದ ಹಲಗೆ, ಮತ್ತು ಒತ್ತಡದ ಪಾಠ: ತಳ್ಳುವ ಶುರುವಿನಲ್ಲಿ ಅರದ ಮುಂತುದಿ ಹಿಡಿದ ಕೈ ಮೇಲೆ ಭಾರ ಹೆಚ್ಚು, ನಡುವೆ ಸಮ, ಕೊನೆಯಲ್ಲಿ ಹಿಡಿಯ ಕೈ ಮೇಲೆ ಹೆಚ್ಚು, ಹಿಂದಕ್ಕೆ ಎಳೆಯುವಾಗ ಭಾರ ಬೇಡ. ಇಷ್ಟರಿಂದಲೇ ಉಳಿದವರಿದ್ದಾರೆ.

ವೆಲ್ಡಿಂಗಿನಲ್ಲಿ ಇದರ ಜೋಡಿ ಕಣ್ಣು. ಆರ್ಕ್‌ನ (ವೆಲ್ಡಿಂಗಿನ ಪ್ರಖರ ಕಿಡಿಯ) ಅತಿನೇರಳೆ ಕಿರಣ ತಾಗಿದ ಕೂಡಲೇ ನೋವಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು, ಅಂದರೆ ರಾತ್ರಿ ಮಲಗಿದ ಮೇಲೆ, ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು, ಬೆಳಕು ನೋಡಲಾಗದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಶಮನವಾಗುತ್ತದೆ, ಆದರೆ ಅದು ಮನೆಯವರಿಗೆ ಗೊತ್ತಿಲ್ಲ. ಕಣ್ಣೇ ಹೋಗುತ್ತದೆ ಎಂದು ಹೆದರಿ ಮರುದಿನದಿಂದ ಕಳುಹಿಸುವುದಿಲ್ಲ. ತಾಗುವುದು ಬಹಳ ಸಲ ವೆಲ್ಡ್ ಮಾಡುವವನಿಗಲ್ಲ, ಪಕ್ಕದಲ್ಲಿ ನಿಂತು ನೋಡುವವನಿಗೆ. ಹಾಗಾಗಿ ಪ್ರತಿ ಬೂತಿಗೂ ಪರದೆ, ನೋಡುವವರಿಗೂ 10 ಅಥವಾ 11ನೆಯ ಶೇಡಿನ ಕಪ್ಪು ಗಾಜು, ವೆಲ್ಡಿಂಗ್ ರಾಡ್ ತಾಗಿಸುವ ಮುಂಚೆ ಜೋರಾಗಿ ಕೂಗಿ ಹೇಳುವ ಅಭ್ಯಾಸ. ಮೊದಲ ದಿನವೇ ಮನೆಗೆ ಒಂದು ಚೀಟಿ: ಇಂಥ ಉರಿ ಬಂದರೆ ಏನು, ಕಣ್ಣು ಉಜ್ಜಬಾರದು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು, ವೈದ್ಯರಿಗೆ ತೋರಿಸಬೇಕು, ನಮಗೆ ಫೋನ್ ಮಾಡಬೇಕು. ರಾಡ್ ಅಂಟಿಕೊಳ್ಳುವುದೂ ಹೊಸಬರ ಹುಮ್ಮಸ್ಸು ಕೊಲ್ಲುವ ವಿಷಯ. 3.15 ಮಿ.ಮೀ. ರೂಟೈಲ್ ಲೇಪದ ರಾಡಿಗೆ ಸುಮಾರು 90ರಿಂದ 130 ಆಂಪಿಯರ್ ನಡುವೆ ಇಡುತ್ತಾರೆ, ನಿಖರ ಅಂಕಿ ರಾಡಿನ ಪೊಟ್ಟಣದ ಮೇಲಿರುತ್ತದೆ. ಕಲಿಯುವವರಿಗೆ ಆ ವ್ಯಾಪ್ತಿಯ ಮೇಲಿನ ಅರ್ಧದಲ್ಲಿ ಶುರು ಮಾಡಿಸಿದರೆ ಆರ್ಕ್ ಹತ್ತುವುದು ಸುಲಭ. ಚೆಂದದ ಬೀಡ್ (ಬೆಸುಗೆಯ ಸಾಲು) ಆಮೇಲೆ ಬರಲಿ.

ಮೊದಲ ತಿಂಗಳು ಪೂರ್ತಿ ಚೌಕದ ಕಬ್ಬಿಣಕ್ಕೆ ಅರ ಹಾಕಿಸುವ ಪದ್ಧತಿಗೆ ಅದರದ್ದೇ ತರ್ಕ ಇದೆ, ಕೈ ಪಳಗುತ್ತದೆ. ಆದರೆ ಸಂಜೆ ಮನೆಗೆ ಹೋದವನ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಎರಡನೆಯ ವಾರದ ಕೊನೆಯೊಳಗೆ ಬಳಸಬಹುದಾದ ಒಂದು ವಸ್ತು ಮನೆಗೆ ಹೋಗಬೇಕು ಎಂಬುದು ನಮ್ಮ ನಿಯಮ: ತೆಳು ತಗಡಿನ ಕಸದ ಮೊರ, ಎಲೆಕ್ಟ್ರಿಕಲ್ ಆದರೆ ಪರೀಕ್ಷಿಸಿ ಸಹಿ ಮಾಡಿದ ಎಕ್ಸ್‌ಟೆನ್ಷನ್ ಬೋರ್ಡ್. ಮೊರದಲ್ಲಿ ಮಾರ್ಕಿಂಗ್, ಕತ್ತರಿಸುವುದು, ಅಂಚು ಮಡಚುವುದು, ರಿವೆಟ್ ಹೊಡೆಯುವುದು ಎಲ್ಲ ಬಂತು. ಅಂಚು ಮಡಚದೆ ಬಿಟ್ಟರೆ ಕೈ ಕೊಯ್ಯುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ಸ್ಟೈಪೆಂಡ್ (ತರಬೇತಿ ಭತ್ಯೆ) ವಿಚಾರದಲ್ಲಿ ಮೊತ್ತಕ್ಕಿಂತ ನಿಯಮದ ಆಕಾರ ಹೆಚ್ಚು ಹಾನಿ ಮಾಡುತ್ತದೆ. ತಿಂಗಳಿಗೆ 25 ಕೆಲಸದ ದಿನ, 80 ಶೇಕಡಾ ಹಾಜರಿ ಇಲ್ಲದಿದ್ದರೆ ಏನೂ ಇಲ್ಲ ಎಂಬ ನಿಯಮ ಇದೆ ಎಂದುಕೊಳ್ಳಿ. ಐದು ಗೈರು ನಡೆಯುತ್ತದೆ. ಆರನೆಯ ಗೈರು 12ನೆಯ ದಿನ ಬಿದ್ದರೆ ಉಳಿದ 13 ದಿನ ಬಂದರೂ ಸೊನ್ನೆ, ಬಾರದಿದ್ದರೂ ಸೊನ್ನೆ. ಆ 13 ದಿನ ಅವನು ಕೂಲಿಗೆ ಹೋಗುತ್ತಾನೆ, ಕೂಲಿಯ ರುಚಿ ಹತ್ತುತ್ತದೆ, ಅಲ್ಲಿಗೆ ಮುಗಿಯಿತು. ದಿನದ ಲೆಕ್ಕದಲ್ಲಿ ಕೊಟ್ಟು, ಪೂರ್ತಿ ವಾರ ಬಂದವರಿಗೆ ಸಣ್ಣ ಹೆಚ್ಚುವರಿ ಸೇರಿಸಿದರೆ ಪ್ರತಿ ಬೆಳಗ್ಗೆಗೂ ಬೆಲೆ ಇರುತ್ತದೆ. ಪರೀಕ್ಷೆಗೆ ಕೂರಲು ಬೇಕಾದ ಹಾಜರಿಯಲ್ಲೂ ಇದೇ ತೊಡಕು. ಕೊರತೆ ತುಂಬಿಕೊಳ್ಳಲು ರಜಾ ದಿನದ ವರ್ಕ್‌ಶಾಪ್ ಗಂಟೆಗಳಿರಬೇಕು, ಇನ್ನೆಷ್ಟು ಗಂಟೆ ಬಾಕಿ ಎಂಬ ಚೀಟಿ ಅವರ ಕೈಯಲ್ಲೇ ಇರಬೇಕು. ಇನ್ನು ಹಣ ಬರುವ ತಾರೀಕು ತಪ್ಪಬಾರದು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಕಳುಹಿಸುವಾಗ ನಾವು ಕೇಳುವ ಮೊದಲ ಪ್ರಶ್ನೆ ಯಂತ್ರಗಳ ಬಗ್ಗೆ ಅಲ್ಲ: ಇವನಿಗೆ ಹೇಳಿಕೊಡುವವರು ಯಾರು, ಹೆಸರು ಹೇಳಿ. "ಎಲ್ಲರೂ ಹೇಳಿಕೊಡುತ್ತಾರೆ" ಎಂದರೆ ಯಾರೂ ಹೇಳಿಕೊಡುವುದಿಲ್ಲ ಎಂದೇ ಅರ್ಥ. ಒಬ್ಬರ ಕೆಳಗೆ ಮೂವರಿಗಿಂತ ಹೆಚ್ಚು ಬೇಡ. ಭೇಟಿ ಮೂರನೆಯ ದಿನ, ಮೂರನೆಯ ವಾರ, ಆರನೆಯ ವಾರ. ಆರು ತಿಂಗಳಿಗೆ ಹೋದರೆ ಸಿಗುವುದು ಉಳಿದವರು ಮಾತ್ರ. ಭೇಟಿಯಲ್ಲಿ ಮೊದಲು ನೋಡುವುದು ದಿನಚರಿ ಪುಸ್ತಕ. ಐದು ದಿನ ಸಾಲಾಗಿ "ಕ್ಲೀನಿಂಗ್" ಎಂದೇ ಬರೆದಿದ್ದರೆ ಅಲ್ಲಿಯೇ ಮೇಲ್ವಿಚಾರಕರ ಜೊತೆ ಮುಂದಿನ ವಾರದ ಮೂರು ಕಲಿಕೆಯ ಕೆಲಸ ಗೊತ್ತುಮಾಡಿಕೊಂಡು ಬರುತ್ತೇವೆ. ಜರ್ಮನಿಯ ಕಾನೂನಿನಲ್ಲಿ ಅಪ್ರೆಂಟಿಸ್ ಒಪ್ಪಂದಕ್ಕೆ ಕನಿಷ್ಠ ಒಂದು ತಿಂಗಳು, ಗರಿಷ್ಠ ನಾಲ್ಕು ತಿಂಗಳ ಪರೀಕ್ಷಾ ಅವಧಿ ಇದೆ. ಇಬ್ಬರೂ ಪರಸ್ಪರ ನೋಡಿಕೊಳ್ಳಲು ಆ ಸಮಯ. ಇಂಥ ಅವಧಿಯನ್ನು ಬರೀ ಕಾಗದದಲ್ಲಿ ಬಿಡದೆ, ಅದು ಮುಗಿಯುವ ಎರಡು ವಾರ ಮುಂಚೆ ಕಲಿಯುವವರು, ಕಾರ್ಖಾನೆಯವರು, ನಾವು ಮೂವರೂ ಕೂತು ಮಾತಾಡುವುದು ಒಳ್ಳೆಯದು.

ತಪ್ಪು ಟ್ರೇಡ್ ಆರಿಸಿಕೊಂಡವರನ್ನು ಗದರಿಸಿ ಕೂರಿಸಿಕೊಳ್ಳುವುದು ವ್ಯರ್ಥ. ಪ್ರವೇಶಕ್ಕೆ ಮುನ್ನ ಮೂರು ಟ್ರೇಡ್‌ಗಳಲ್ಲಿ ಒಂದೊಂದು ಪೂರ್ತಿ ದಿನ ನಿಲ್ಲಿಸಬೇಕು, ಸದ್ದು, ಬಿಸಿ, ಎಣ್ಣೆ ಎಲ್ಲದರ ಜೊತೆಗೆ. ಆರು ವಾರದವರೆಗೆ ಬದಲಾವಣೆಗೆ ಅವಕಾಶ, ಮುಗಿಸಿದ ಸುರಕ್ಷತೆ, ಅಳತೆ, ಡ್ರಾಯಿಂಗ್ ಪಾಠಗಳು ಲೆಕ್ಕಕ್ಕೆ ಬರಬೇಕು. ಸ್ವಿಟ್ಜರ್‌ಲೆಂಡಿನಲ್ಲಿ ಮೂರು ನಾಲ್ಕು ವರ್ಷದ ಪ್ರಮಾಣಪತ್ರದ ಜೊತೆಗೆ ಎರಡು ವರ್ಷದ ಹಗುರ ಪ್ರಮಾಣಪತ್ರವೂ ಇದೆ. ಥಿಯರಿಯಲ್ಲಿ ಸೋಲುವವನು ಪೂರ್ತಿ ಹೊರಗೆ ಬೀಳದೆ ಅದರಲ್ಲಿ ನಿಲ್ಲಬಹುದು. ಇಂಥ ಮೆಟ್ಟಿಲು ಇಲ್ಲದ ಕಡೆ ಮುಗಿಸಿದ ಘಟಕಗಳ ಪತ್ರವನ್ನಾದರೂ ಬರೆದು ಕೊಡಬೇಕು.

ಒಂದೇ ಕಡೆಯಿಂದ ಬರುವ ಗೆಳೆಯರ ಗುಂಪಿನ ಬಗ್ಗೆ ಎಚ್ಚರ. ಮೂವರಲ್ಲಿ ಒಬ್ಬ ಬರುವುದು ನಿಲ್ಲಿಸಿದರೆ ಇನ್ನಿಬ್ಬರು ಅದೇ ವಾರ ಸಡಿಲವಾಗುತ್ತಾರೆ. ಹೋದವನಿಗೆ ಫೋನ್ ಮಾಡುವ ದಿನವೇ ಉಳಿದ ಇಬ್ಬರ ಜೊತೆಗೂ ಮಾತಾಡಬೇಕು. ಬೆಂಚಿನಲ್ಲಿ ಜೋಡಿ ಹಾಕುವಾಗ ಗುಂಪಿನ ಹೊರಗಿನವರನ್ನು ಸೇರಿಸಿದರೆ ಎಳೆದುಕೊಂಡು ಹೋಗುವುದು ಕಡಿಮೆ.

ಬಿಟ್ಟು ಹೋದವರಿಗೂ ಫೋನ್ ನಿಲ್ಲಿಸುವುದಿಲ್ಲ: ಎರಡು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ. ಅವರ ಅರ್ಧ ಜಾಬ್‌ಗೆ ಹೆಸರಿನ ಚೀಟಿ ಕಟ್ಟಿ ಎಣ್ಣೆ ಸವರಿ ಇಟ್ಟಿರುತ್ತೇವೆ, ಮುಂದಿನ ಬ್ಯಾಚಿನಲ್ಲಿ ಯಾವ ಘಟಕದಿಂದ ಸೇರಬಹುದು ಎಂದು ಹೇಳುತ್ತೇವೆ. ಕೂಲಿ ಕೆಲಸ ನಿಂತ ಕಾಲಕ್ಕೆ ಬಿದ್ದ ಫೋನ್ ಹೆಚ್ಚು ಫಲಿಸುತ್ತದೆ. ಲೆಕ್ಕವನ್ನು ಆರು ವಾರ, ಮೂರು ತಿಂಗಳು, ಆರು ತಿಂಗಳು ಹೀಗೆ ಬ್ಯಾಚ್‌ವಾರು ತೆಗೆಯುತ್ತೇವೆ, ಶೇಕಡಾ ಬದಲು ತಲೆ ಎಣಿಸಿ. 20 ಜನರ ಬ್ಯಾಚಿನಲ್ಲಿ ಒಬ್ಬನೇ 5 ಶೇಕಡಾ. ಒಂದು ಬ್ಯಾಚಿನಲ್ಲಿ ಇಬ್ಬರು ಕಡಿಮೆ ಬಿಟ್ಟರೆಂದು ಹೊಸ ಕ್ರಮ ಗೆದ್ದಿತು ಎನ್ನಲಾಗದು, ಕನಿಷ್ಠ ಮೂರು ನಾಲ್ಕು ಬ್ಯಾಚ್ ಪಕ್ಕಪಕ್ಕ ಇಟ್ಟು ನೋಡಬೇಕು, ಪ್ರತಿ ಹೆಸರಿನ ಮುಂದೆ ಕಾರಣವೂ ಇರಬೇಕು.