ಯಾರು ಕೊಟ್ಟರು ಅನ್ನೋದು ಆಮೇಲೆ, ಮೊದಲು ಖರ್ಚಿನ ಪುಟ ತೆಗೆಯಿರಿ

ಅಮೆರಿಕದ ರಾಜಕೀಯದಲ್ಲಿ ದುಡ್ಡಿನ ಮಾತು ಬಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾರು ಕೊಟ್ಟರು? ಇಲಾನ್ ಮಸ್ಕ್ 2024ರ ಚುನಾವಣೆಗೆ 25 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದರು, ಔಷಧ ಕಂಪನಿಗಳು ಕೊಟ್ಟವು, ವಾಲ್ ಸ್ಟ್ರೀಟ್ ಕೊಟ್ಟಿತು. ನಿಜ, ಅದು ದೊಡ್ಡ ವಿಷಯವೇ. ಆದರೆ ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವನು. ಯಾವ ಕಂಪನಿಯ ಪುಸ್ತಕ ಕೈಗೆ ಬಂದರೂ ಮೊದಲು ತೆಗೆಯುವುದು ಖರ್ಚಿನ ಪುಟ. ದುಡ್ಡು ಬಂದ ದಾರಿಯನ್ನು ಚೆಂದ ಮಾಡಿ ತೋರಿಸಬಹುದು, ಹೋದ ದಾರಿಯನ್ನು ಪ್ರತಿ ಸಾಲಲ್ಲೂ ಚೆಂದ ಮಾಡಲಾಗುವುದಿಲ್ಲ. ಚುನಾವಣೆಯ ಲೆಕ್ಕವನ್ನೂ ನಾನು ಹಾಗೇ ಓದುತ್ತೇನೆ.

ಈ ಗೀಳು ಹತ್ತಿದ್ದು ನ್ಯೂಜೆರ್ಸಿಯಲ್ಲಿ. ಸಿಟಿಜನ್‌ಶಿಪ್ ಆದ ಮೇಲೆ ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ವಾಲಂಟಿಯರ್ ಆಗಿ ಹೋದೆ. ಅಮೆರಿಕ ಸಂಸತ್ತಿನ ಕೆಳಮನೆ, ಅಂದರೆ ಹೌಸ್‌ನ ಸೀಟು. ಮನೆಮನೆಗೆ ಹೋಗಿ ಬಾಗಿಲು ತಟ್ಟುವ ಕೆಲಸ ಕೊಡುತ್ತಾರೆ ಅಂದುಕೊಂಡಿದ್ದೆ, ಲೆಕ್ಕ ಗೊತ್ತು ಅಂದಿದ್ದೇ ತಡ, ಖಜಾಂಚಿಯ ಪಕ್ಕ ಕೂರಿಸಿಬಿಟ್ಟರು. ಬಂದ ಚೆಕ್ಕುಗಳನ್ನು ಸಾಫ್ಟ್‌ವೇರಿಗೆ ಏರಿಸುವುದು, ಹೆಸರು ವಿಳಾಸ ಸರಿ ಇದೆಯಾ ನೋಡುವುದು, ಮೂರು ತಿಂಗಳಿಗೊಮ್ಮೆ ಫೆಡರಲ್ ಎಲೆಕ್ಷನ್ ಕಮಿಷನ್‌ಗೆ, ಎಲ್ಲರ ಬಾಯಲ್ಲಿ ಎಫ್‌ಇಸಿ, ವರದಿ ಕಳಿಸಲು ನೆರವಾಗುವುದು.

ನಿಯಮ ಸರಳ. 2025-26ರ ಸುತ್ತಿನಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್ ಕೊಡಬಹುದು. ಪಕ್ಷದೊಳಗಿನ ಪ್ರೈಮರಿ ಬೇರೆ, ನವೆಂಬರ್‌ನ ಚುನಾವಣೆ ಬೇರೆ, ಹಾಗಾಗಿ ಒಟ್ಟು 7,000. ಒಬ್ಬರು ಕೊಟ್ಟಿದ್ದು 200 ಡಾಲರ್ ದಾಟಿದರೆ ಅವರ ಹೆಸರು, ಕೆಲಸ, ಕೆಲಸ ಕೊಟ್ಟವರು, ಎಲ್ಲವೂ ವರದಿಯಲ್ಲಿ ಬರಬೇಕು. ಎಚ್-1ಬಿ ವೀಸಾದಲ್ಲಿರುವವರು ಒಂದು ಡಾಲರ್ ಕೂಡ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಬಂದರೆ ಕೊಡಬಹುದು, ವೋಟು ಮಾತ್ರ ಹಾಕುವಂತಿಲ್ಲ! ವೋಟಿಗಿಂತ ಮೊದಲು ದುಡ್ಡಿಗೆ ಬಾಗಿಲು ತೆರೆಯುತ್ತಾರೆ ಅಂತ ನಾವು ನಮ್ಮನಮ್ಮಲ್ಲೇ ನಗುತ್ತಿದ್ದೆವು.

ಒಮ್ಮೆ ನಮ್ಮವರೊಬ್ಬರ ಮನೆಯಲ್ಲಿ ಫಂಡ್‌ರೈಸರ್ ಇತ್ತು. ಊಟದ ಮೇಜಿನ ತುದಿಯಲ್ಲಿ ನಾನು ಫಾರಂಗಳ ಕಟ್ಟು ಇಟ್ಟುಕೊಂಡು ಕೂತಿದ್ದೆ. ಮನೆಯ ಯಜಮಾನರು ತಮ್ಮ ಚೆಕ್ಕು ಕೊಟ್ಟು, ಪಕ್ಕಕ್ಕೆ ಬಾಗಿ ಕೇಳಿದರು, “ಏನಪ್ಪಾ, ನಮ್ಮ ಭಾಮೈದನ ಹೆಸರಲ್ಲಿ ಇನ್ನೊಂದು ಬರೆಸಲಾ? ದುಡ್ಡು ನಾನೇ ಅವನ ಅಕೌಂಟಿಗೆ ಹಾಕ್ತೀನಿ.” ನಾನು, “ಸಾರ್, ಬೇಡ. ಅದು ಕ್ರಿಮಿನಲ್ ಕೇಸು” ಅಂದೆ. ಅವರು ನಂಬಲಿಲ್ಲ. ಮುಂಬೈಯಲ್ಲಿ ಹುಟ್ಟಿದ ಲೇಖಕ ದಿನೇಶ್ ಡಿಸೋಜಾ 2014ರಲ್ಲಿ ಇದೇ ಬೇರೆಯವರ ಹೆಸರಲ್ಲಿ ಕೊಡಿಸುವ ಕೆಲಸಕ್ಕೆ ತಪ್ಪೊಪ್ಪಿಕೊಂಡಿದ್ದು, ಅದು ಬರೀ 20,000 ಡಾಲರ್‌ನ ವ್ಯವಹಾರ ಅಂತ ಹೇಳಿದೆ. 2018ರಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು ಅನ್ನುವುದನ್ನು ಮಾತ್ರ ಆವತ್ತು ಬಾಯಿ ಬಿಡಲಿಲ್ಲ. ಹೆಂಡತಿಗೆ ಸ್ವಂತ ಸಂಬಳ ಇಲ್ಲದಿದ್ದರೂ ಅವರು ತಮ್ಮ ಹೆಸರಲ್ಲಿ ಬೇರೆಯಾಗಿ ಕೊಡಬಹುದು, ಅದಕ್ಕೆ ಕಾನೂನಿನಲ್ಲೇ ಜಾಗ ಇದೆ ಅಂದ ಮೇಲೆ ಸಮಾಧಾನ ಆಯಿತು.

ಹತ್ತಿರದಿಂದ ನೋಡಿದ ಇನ್ನೊಂದು ಅಂದರೆ ಕಾಲ್ ಟೈಮ್. ಅಭ್ಯರ್ಥಿಯನ್ನು ಒಂದು ಸಣ್ಣ ರೂಮಿನಲ್ಲಿ ಕೂರಿಸಿ, ಎದುರಿಗೆ ಹೆಸರುಗಳ ಪಟ್ಟಿ ಇಟ್ಟು, ಒಬ್ಬ ಹುಡುಗ ನಂಬರ್ ಒತ್ತಿ ಒತ್ತಿ ಫೋನ್ ಕೊಡುತ್ತಾನೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎಷ್ಟು ಕೇಳಬೇಕು, ಮಕ್ಕಳು ಯಾವ ಕಾಲೇಜು, ಹೋದ ಸಲ ಎಷ್ಟು ಕೊಟ್ಟರು ಅಂತ ಬರೆದಿರುತ್ತದೆ. ಗೆದ್ದ ಮೇಲೂ ಇದು ತಪ್ಪುವುದಿಲ್ಲ. 2013ರಲ್ಲಿ ಡೆಮಾಕ್ರಟಿಕ್ ಪಕ್ಷ ಹೊಸ ಸದಸ್ಯರಿಗೆ ತೋರಿಸಿದ ಮಾದರಿ ದಿನಚರಿ ಹೊರಗೆ ಬಂತು: ದಿನಕ್ಕೆ 4 ಗಂಟೆ ಕಾಲ್ ಟೈಮ್, ಸದನ ಮತ್ತು ಸಮಿತಿಗೆ 2 ಗಂಟೆ. ಸರ್ಕಾರಿ ಆಫೀಸಿನಿಂದ ದುಡ್ಡು ಕೇಳುವಂತಿಲ್ಲ, ಅದಕ್ಕೆ ಎರಡೂ ಪಕ್ಷದವರು ಸಂಸತ್ ಭವನ ಕ್ಯಾಪಿಟಲ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಫೋನಿನ ರೂಮುಗಳನ್ನು ಇಟ್ಟಿದ್ದಾರೆ. ದುಡ್ಡು ಕೊಟ್ಟವರಿಗೆ ಸಿಗುವುದು ಸದನದಲ್ಲಿ ಆ ಸದಸ್ಯರ ವೋಟು ಅಂತ ನಾವು ಅಂದುಕೊಳ್ಳುತ್ತೇವೆ. ನಾನು ಕಂಡ ಮಟ್ಟಿಗೆ ಮೊದಲು ಸಿಗುವುದು ಸಮಯ. ದಿನಕ್ಕೆ ನಾಲ್ಕು ಗಂಟೆ 3,500 ಡಾಲರ್ ಕೊಡುವ ಶಕ್ತಿ ಇರುವವರ ಜೊತೆಗೇ ಮಾತಾಡುವ ಮನುಷ್ಯನಿಗೆ ಊರಿನ ಕಷ್ಟ ಅಂದರೆ ಅವರ ಕಷ್ಟವೇ ಅಂತ ಅನಿಸದೆ ಇರುತ್ತಾ?

ಆ ಪ್ರಚಾರ ಮುಗಿಯಿತು, ನಮ್ಮವರು ಸೋತರು. ನನ್ನ ಕೈಗೆ ಮಾತ್ರ ಈ ವರದಿಗಳನ್ನು ಓದುವ ಅಭ್ಯಾಸ ಉಳಿಯಿತು.

ಓದುವುದು ಹೀಗೆ. ಎಫ್‌ಇಸಿ ವೆಬ್‌ಸೈಟಿನಲ್ಲಿ ಸದಸ್ಯರ ಹೆಸರು ಹಾಕಿದರೆ ಅವರ ಕಮಿಟಿಯ ಪುಟ ಬರುತ್ತದೆ, ಅಲ್ಲಿ ಫೈಲಿಂಗ್ಸ್. ಹೌಸ್ ಅಭ್ಯರ್ಥಿಗಳದ್ದು ಫಾರಂ 3. ಶೆಡ್ಯೂಲ್ ಎ ಅಂದರೆ ಬಂದದ್ದು, ಬಿ ಅಂದರೆ ಹೋದದ್ದು, ಸಿ ಅಂದರೆ ಸಾಲ. ನಾನು ಸಿ ಇಂದ ಶುರು ಮಾಡುತ್ತೇನೆ. ಅಭ್ಯರ್ಥಿ ತನ್ನ ಪ್ರಚಾರಕ್ಕೆ ತಾನೇ ಎಷ್ಟು ಬೇಕಾದರೂ ದುಡ್ಡು ಹಾಕಬಹುದು, ಅದಕ್ಕೆ ಮಿತಿ ಇಲ್ಲ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಆಗಲು ಪ್ರೈಮರಿಯಲ್ಲಿ ಸ್ವಂತದ್ದು 1 ಕೋಟಿ ಡಾಲರ್‌ಗೂ ಜಾಸ್ತಿ ಹಾಕಿ ಮೂರನೇ ಸ್ಥಾನಕ್ಕೆ ಬಂದರು, 2022ರಲ್ಲಿ ಮತ್ತೆ ಸ್ವಂತ ದುಡ್ಡು ಹಾಕಿ ಹೌಸ್‌ಗೆ ಗೆದ್ದರು. ಅದು ಅವರ ದುಡ್ಡು, ಅವರ ಇಷ್ಟ. ನೋಡಬೇಕಾದ್ದು ಬೇರೆ: ದೇಣಿಗೆ ಅಂತ ಹಾಕಿದ್ದಾ, ಸಾಲ ಅಂತ ಹಾಕಿದ್ದಾ? ಸಾಲ ಆದರೆ ಬಡ್ಡಿ ಎಷ್ಟು? ಶೆಡ್ಯೂಲ್ ಸಿ ಯಲ್ಲಿ ಬಡ್ಡಿ ದರಕ್ಕೇ ಒಂದು ಖಾನೆ ಇದೆ.

ಕ್ಯಾಲಿಫೋರ್ನಿಯಾದಿಂದ ಹೌಸ್‌ಗೆ ಹೋದ ಗ್ರೇಸ್ ನಪೊಲಿಟಾನೊ 1998ರಲ್ಲಿ ತಮ್ಮ ಪ್ರಚಾರಕ್ಕೆ 1,50,000 ಡಾಲರ್ ಸಾಲ ಕೊಟ್ಟರು, ಶೇ 18ರ ಬಡ್ಡಿಗೆ. ಅಸಲು ನಿಧಾನಕ್ಕೆ ತೀರಿಸುತ್ತಾ ಹೋದರು. ಹತ್ತು ವರ್ಷದಲ್ಲಿ ಬಡ್ಡಿಯೇ 2 ಲಕ್ಷ ಡಾಲರ್ ದಾಟಿತು. ಅಂದರೆ ದಾನಿಗಳು ಪ್ರಚಾರಕ್ಕೆ ಅಂತ ಕೊಟ್ಟ ದುಡ್ಡು ಸದಸ್ಯೆಯ ಸ್ವಂತ ಜೇಬಿಗೆ ಬಡ್ಡಿಯಾಗಿ ಹೋಯಿತು. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ! ನಮ್ಮ ಕಡೆ ಇದಕ್ಕೆ ಮೀಟರ್ ಬಡ್ಡಿ ಅಂತಾರೆ, ಇಲ್ಲಿ ಅದು ವರದಿಯಲ್ಲಿ ಒಂದು ಸಾಲು ಅಷ್ಟೆ.

ಗೆದ್ದ ಮೇಲೆ ಬಂದ ದೇಣಿಗೆಯಿಂದ ಇಂಥ ಸಾಲ ತೀರಿಸಿಕೊಳ್ಳಲು 2,50,000 ಡಾಲರ್ ಮಿತಿ ಇತ್ತು. ಟೆಕ್ಸಸ್‌ನ ಸೆನೆಟರ್ ಟೆಡ್ ಕ್ರೂಜ್ 2018ರ ಚುನಾವಣೆಯ ಹಿಂದಿನ ದಿನ ಸರಿಯಾಗಿ 2,60,000 ಸಾಲ ಕೊಟ್ಟು, ಉಳಿದ 10,000 ವಾಪಸ್ ಬರಲಿಲ್ಲ ಅಂತ ಕೋರ್ಟಿಗೆ ಹೋದರು. ಕೇಸು ಹಾಕಬೇಕು ಅಂತಲೇ ಕೊಟ್ಟ ಸಾಲ ಅದು. 2022ರಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿತು. ಯೋಚನೆ ಮಾಡಿ: ಚುನಾವಣೆ ಮುಗಿದಿದೆ, ಮನುಷ್ಯ ಗೆದ್ದಿದ್ದಾನೆ, ಆಮೇಲೆ ನೀವು ಕೊಡುವ ಚೆಕ್ಕು ಪೋಸ್ಟರಿಗೂ ಹೋಗುವುದಿಲ್ಲ, ಟಿವಿ ಜಾಹೀರಾತಿಗೂ ಹೋಗುವುದಿಲ್ಲ, ಅವನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅದಕ್ಕೇ ನಾನು ಸಾಲ ವಾಪಸ್ ಆದ ತಾರೀಖು ಹಿಡಿದು, ಅದಕ್ಕೆ ಹಿಂದಿನ ಕೆಲವು ವಾರಗಳ ಶೆಡ್ಯೂಲ್ ಎ ಓದುತ್ತೇನೆ. ಯಾರು ಕೊಟ್ಟರು ಅನ್ನುವ ಪ್ರಶ್ನೆಗೆ ನಿಜವಾದ ತೂಕ ಬರುವುದು ಅಲ್ಲಿ.

ಆಮೇಲೆ ಶೆಡ್ಯೂಲ್ ಬಿ. ಎಕ್ಸೆಲ್‌ಗೆ ಇಳಿಸಿಕೊಂಡು, ದುಡ್ಡು ತೆಗೆದುಕೊಂಡವರ ಹೆಸರಿನ ಮೇಲೆ ಸಾರ್ಟ್ ಮಾಡುತ್ತೇನೆ, ಮೊತ್ತದ ಮೇಲೆ ಅಲ್ಲ. ದೊಡ್ಡ ಮೊತ್ತಗಳು ಹೆಚ್ಚಾಗಿ ಟಿವಿ ಜಾಹೀರಾತು, ಅಂಚೆ, ಸಮೀಕ್ಷೆ. ಕಥೆ ಇರುವುದು ಪದೇ ಪದೇ ಬರುವ ಸಣ್ಣ ಸಾಲುಗಳಲ್ಲಿ. ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಸದಸ್ಯ ಡಂಕನ್ ಹಂಟರ್ ವರದಿಯಲ್ಲಿ ಸ್ಟೀಮ್ ಗೇಮ್ಸ್, ಅಂದರೆ ವಿಡಿಯೋ ಗೇಮ್, ಅಂತ ಸಾಲು ಸಾಲು ಖರ್ಚು ಇತ್ತು, ಒಟ್ಟು ಸೇರಿಸಿದರೆ 1,300 ಡಾಲರ್ ಆಸುಪಾಸು. 2016ರಲ್ಲಿ ಎಫ್‌ಇಸಿ ಇದೇನು ಅಂತ ಪತ್ರ ಬರೆಯಿತು. ಮಗ ಕಾರ್ಡ್ ಬಳಸಿಬಿಟ್ಟ ಅಂದರು. ಅಲ್ಲಿಂದ ಎಳೆ ಹಿಡಿದು ಹೋದರೆ ಇಟಲಿ ಪ್ರವಾಸ, ಮಕ್ಕಳ ಸ್ಕೂಲು, ಕೊನೆಗೆ ಮನೆಯ ಮೊಲಕ್ಕೆ ವಿಮಾನದ ಟಿಕೆಟ್ಟು ಕೂಡ. 2019ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡರು, 11 ತಿಂಗಳ ಶಿಕ್ಷೆ ಆಯಿತು, ಜೈಲಿಗೆ ಹೋಗುವ ಮೊದಲೇ ಟ್ರಂಪ್ ಕ್ಷಮಾದಾನ ಬಂತು. ಇನ್ನೊಂದು ಪಕ್ಷದ, ಅಂದರೆ ಡೆಮಾಕ್ರಟಿಕ್ ಸದಸ್ಯ ಜೆಸ್ಸಿ ಜಾಕ್ಸನ್ ಜೂನಿಯರ್ ಸುಮಾರು 7,50,000 ಡಾಲರ್ ಸ್ವಂತಕ್ಕೆ ಬಳಸಿ 2013ರಲ್ಲಿ ಸಿಕ್ಕಿಬಿದ್ದಿದ್ದರು, ರೋಲೆಕ್ಸ್ ವಾಚು ಸಮೇತ. ಅವರು ಜೈಲಿಗೆ ಹೋಗಿ ಬಂದರು.

ಆದರೆ ಇವರೆಲ್ಲ ಒರಟರು. ಜಾಣರು ಕಾನೂನಿನ ಒಳಗೇ ಇರುತ್ತಾರೆ. ಪ್ರಚಾರದ ಆಫೀಸು ಅಭ್ಯರ್ಥಿಯದ್ದೇ ಕಟ್ಟಡದಲ್ಲಿ ಇದ್ದರೆ ಮಾರುಕಟ್ಟೆ ದರದಲ್ಲಿ ಬಾಡಿಗೆ ಕೊಡಬಹುದು. 2016ರಲ್ಲಿ ಟ್ರಂಪ್ ಪ್ರಚಾರ ಟ್ರಂಪ್ ಟವರ್‌ಗೆ ಬಾಡಿಗೆ ಕೊಟ್ಟಿತು, ಟ್ರಂಪ್ ವಿಮಾನದ ಕಂಪನಿ ಟ್ಯಾಗ್ ಏರ್‌ಗೂ ಕೊಟ್ಟಿತು, ಎಲ್ಲ ವರದಿಯಲ್ಲಿ ಕಾಣುತ್ತದೆ. ಹೆಂಡತಿ, ಮಗ, ಭಾವ ಯಾರಾದರೂ ನಿಜವಾಗಿ ಕೆಲಸ ಮಾಡಿದರೆ ಸಂಬಳ ಕೊಡಬಹುದು. ಇದನ್ನು ಹಿಡಿಯಲು ಸರ್‌ನೇಮ್ ಒಂದೇ ಸಾಲದು, ಎಲ್‌ಎಲ್‌ಸಿ, ಅಂದರೆ ಒಂದು ಬಗೆಯ ಖಾಸಗಿ ಕಂಪನಿಯ, ಹೆಸರಿನ ಹಿಂದೆ ಯಾರಿದ್ದಾರೆ ಅಂತ ಆಯಾ ರಾಜ್ಯದ ಕಂಪನಿ ನೋಂದಣಿಯಲ್ಲಿ ಹುಡುಕಬೇಕು. ತಲೆನೋವಿನ ಕೆಲಸ, ಕೆಲವು ರಾಜ್ಯಗಳಲ್ಲಿ ಮಾಲೀಕರ ಹೆಸರೇ ಹಾಕಿರುವುದಿಲ್ಲ.

ಲೀಡರ್‌ಶಿಪ್ ಪ್ಯಾಕ್ ಅಂತ ಇನ್ನೊಂದು ಇದೆ, ಅದನ್ನು ಬಿಡಬೇಡಿ. ಸದಸ್ಯರು ಬೇರೆ ಅಭ್ಯರ್ಥಿಗಳಿಗೆ ನೆರವಾಗಲು ಅಂತ ಇಟ್ಟುಕೊಳ್ಳುವ ಎರಡನೇ ಹುಂಡಿ. ಪ್ರಚಾರದ ದುಡ್ಡನ್ನು ಸ್ವಂತಕ್ಕೆ ಬಳಸಬಾರದು ಅನ್ನುವ ನಿಯಮವನ್ನು ಎಫ್‌ಇಸಿ ಇದಕ್ಕೆ ಹಚ್ಚಿಯೇ ಇಲ್ಲ. ಹಾಗಾಗಿ ಗಾಲ್ಫ್ ರೆಸಾರ್ಟು, ಸ್ಟೇಕ್‌ಹೌಸು ಅನ್ನುವ ಮಾಂಸದೂಟದ ಹೋಟೆಲು, ಫ್ಲಾರಿಡಾ. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ! ಇದನ್ನು ಹುಡುಕಲು ಸದಸ್ಯರ ಹೆಸರು ಹಾಕಿದರೆ ಕೆಲವೊಮ್ಮೆ ಬರುವುದಿಲ್ಲ, ಪ್ಯಾಕ್‌ಗೆ ಏನೋ ದೇಶಭಕ್ತಿಯ ಹೆಸರು ಇರುತ್ತದೆ. ಪ್ಯಾಕ್ ನೋಂದಣಿಯ ಫಾರಂ 1 ತೆಗೆದರೆ ಯಾರ ಪ್ಯಾಕ್ ಅಂತ ಬರೆದಿರುತ್ತದೆ.

ಊಟದ ಮಾತು ಬಂತು ಅಂತ ಒಂದು ಹೇಳಲೇಬೇಕು. 2014ರಲ್ಲಿ ವರ್ಜೀನಿಯಾದ ಎರಿಕ್ ಕ್ಯಾಂಟರ್, ಹೌಸ್‌ನಲ್ಲಿ ರಿಪಬ್ಲಿಕನ್ನರ ಎರಡನೇ ದೊಡ್ಡ ನಾಯಕ, ಡೇವಿಡ್ ಬ್ರ್ಯಾಟ್ ಅನ್ನುವ ಮೇಷ್ಟ್ರ ಎದುರು ಪ್ರೈಮರಿಯಲ್ಲೇ ಸೋತರು. ಕ್ಯಾಂಟರ್ ಪ್ರಚಾರ ಸ್ಟೇಕ್‌ಹೌಸ್‌ಗಳಿಗೆ ಕೊಟ್ಟ ಬಿಲ್ಲು ಬ್ರ್ಯಾಟ್ ಅವರ ಇಡೀ ಪ್ರಚಾರದ ಖರ್ಚಿಗೆ ಹತ್ತಿರ ಹತ್ತಿರ ಇತ್ತು. ದುಡ್ಡು ಸುರಿದವರು ಯಾವಾಗಲೂ ಗೆಲ್ಲುತ್ತಾರೆ ಅನ್ನುವುದು ಸುಳ್ಳು. ಕುಬೇರ ಮೈಕಲ್ ಬ್ಲೂಮ್‌ಬರ್ಗ್ 2020ರಲ್ಲಿ ಅಧ್ಯಕ್ಷ ಚುನಾವಣೆಯ ಪ್ರೈಮರಿಯಲ್ಲಿ ಸುಮಾರು 100 ಕೋಟಿ ಡಾಲರ್ ಕಳೆದು ಗೆದ್ದಿದ್ದು ಅಮೆರಿಕನ್ ಸಮೋವಾ ಅನ್ನುವ ಪುಟ್ಟ ದ್ವೀಪ ಪ್ರದೇಶ ಒಂದನ್ನೇ. ಸೋತ ಕ್ಯಾಂಟರ್ ಕೆಲವೇ ತಿಂಗಳಲ್ಲಿ ಮೊಯೆಲಿಸ್ ಅನ್ನುವ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸೇರಿದರು.

ಇಲ್ಲಿಗೆ ಬಂದಾಗ ನನ್ನ ಪುಸ್ತಕ ಕೈಕೊಡುತ್ತದೆ. ಅತಿ ದೊಡ್ಡ ಸಂಭಾವನೆ ಯಾವ ಶೆಡ್ಯೂಲಿನಲ್ಲೂ ಬರುವುದಿಲ್ಲ, ಅದು ಸೀಟು ಬಿಟ್ಟ ಮೇಲೆ ಸಿಗುವ ಕೆಲಸ. ಲೂಸಿಯಾನಾದ ಬಿಲ್ಲಿ ಟಾಜಿನ್ ಹೌಸ್‌ನ ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷರಾಗಿದ್ದಾಗ, 2003ರಲ್ಲಿ, ಹಿರಿಯರಿಗೆ ಔಷಧ ಕೊಡುವ ಮೆಡಿಕೇರ್ ಕಾಯ್ದೆ ಪಾಸಾಯಿತು. ಬೆಲೆಯ ಬಗ್ಗೆ ಸರ್ಕಾರ ಔಷಧ ಕಂಪನಿಗಳ ಜೊತೆ ಚೌಕಾಸಿ ಮಾಡುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. 2005ರ ಜನವರಿಯಲ್ಲಿ ಟಾಜಿನ್ ಹೌಸ್ ಬಿಟ್ಟು ಔಷಧ ಕಂಪನಿಗಳ ಸಂಘ ಫಾರ್ಮಾದ ಮುಖ್ಯಸ್ಥರಾದರು. ಆ ಗಂಟು ಸ್ವಲ್ಪ ಸಡಿಲ ಆಗಿದ್ದು 2022ರಲ್ಲಿ, ಮೊದಲ 10 ಔಷಧಗಳಿಗೆ ಚೌಕಾಸಿ ಮಾಡಿದ ಬೆಲೆ ಜಾರಿಗೆ ಬಂದಿದ್ದು 2026ರ ಜನವರಿಯಿಂದ. ಇಂಥದ್ದನ್ನು ನೋಡಲು ಲಾಬಿ ವರದಿಗಳಿಗೆ ಹೋಗಬೇಕು, ಮೂರು ತಿಂಗಳಿಗೊಮ್ಮೆ ಬರುತ್ತವೆ, ಆನ್‌ಲೈನಿನಲ್ಲಿ ಸಿಗುತ್ತವೆ. ಲಾಬಿ ಮಾಡುವವರು ಮೊದಲು ಸರ್ಕಾರದಲ್ಲಿ ಯಾವ ಹುದ್ದೆಯಲ್ಲಿದ್ದರು ಅನ್ನುವ ಖಾನೆಯೂ ಅದರಲ್ಲಿದೆ. ನಾನು ಮೊದಲು ಓದುವುದು ಆ ಖಾನೆ.

ಎಫ್‌ಇಸಿ ಮೇಲೆ ಜಾಸ್ತಿ ನಂಬಿಕೆ ಇಟ್ಟುಕೊಳ್ಳಬೇಡಿ. ಕಮಿಷನರ್‌ಗಳಿಗೆ ಆರು ಸೀಟು, ಒಂದೇ ಪಕ್ಷದವರು ಮೂರಕ್ಕಿಂತ ಜಾಸ್ತಿ ಇರುವಂತಿಲ್ಲ, ಏನು ಮಾಡಬೇಕಾದರೂ ನಾಲ್ಕು ವೋಟು ಬೇಕು. 3-3 ಆದರೆ ಕಡತ ಅಲ್ಲೇ ಕೂರುತ್ತದೆ. 2019ರ ಸೆಪ್ಟೆಂಬರ್‌ನಿಂದ 2020ರ ಬಹುಪಾಲು ಕೋರಂಗೆ ಬೇಕಾದ ನಾಲ್ಕು ಜನರೂ ಇರಲಿಲ್ಲ. ವರದಿ ಹಾಕುವ ಕೆಲಸ ಮಾತ್ರ ಯಾವತ್ತೂ ನಿಲ್ಲುವುದಿಲ್ಲ, ನಮಗೆ ಬೇಕಾದ್ದೂ ಅದೇ.

ಇಷ್ಟೆಲ್ಲ ಓದಿ ನಾನು ಮಾಡುವುದೇನು ಅಂದರೆ, ನಮ್ಮ ಕ್ಷೇತ್ರದ ಹೌಸ್ ಸದಸ್ಯರು ಜನರನ್ನು ಭೇಟಿಯಾಗುವ ಟೌನ್ ಹಾಲ್ ಸಭೆಗೆ ಒಂದು ಪುಟ ಪ್ರಿಂಟ್ ತೆಗೆದುಕೊಂಡು ಹೋಗುತ್ತೇನೆ. ಭಾಷಣ ಇಲ್ಲ, ಒಂದೇ ಪ್ರಶ್ನೆ. ಹೋದ ಸಲ ಕೇಳಿದ್ದು: “ನಿಮ್ಮ ಲೀಡರ್‌ಶಿಪ್ ಪ್ಯಾಕ್ ಈ ರೆಸಾರ್ಟಿಗೆ ಕಟ್ಟಿದ ಬಿಲ್ಲು ಇಲ್ಲಿದೆ, ಅಲ್ಲಿಗೆ ಯಾರ್ಯಾರು ಬಂದಿದ್ದರು?” ಸದಸ್ಯರು ನಕ್ಕರು, ನಿಯಮದ ಪ್ರಕಾರವೇ ಆಗಿದೆ ಅಂದರು. ಹೊರಗೆ ಬಂದಾಗ ಅವರ ಆಫೀಸಿನ ಹುಡುಗಿ ಆ ಪುಟದ ಫೋಟೋ ತೆಗೆದುಕೊಂಡು, “ಇದು ಎಲ್ಲಿ ಸಿಗುತ್ತೆ ಸಾರ್?” ಅಂತ ಕೇಳಿದಳು. ನಾನು ಅಲ್ಲೇ ಫೋನಿನಲ್ಲಿ ತೆಗೆದು ತೋರಿಸಿದೆ.